ಹನ್ನೆರಡನೇ ಫಲಕ

ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿಗೆ ಹೋಗಿಬಂದವರಿಗೆ ಮೊದಲು ನೆನಪಾಗುವುದು ಹಳದಿ. ಮೆಟ್ಟಿಲು, ದೀಪಮಾಲೆ, ಮುಖ, ಅಂಗಿ ಎಲ್ಲದರ ಮೇಲೂ ಭಂಡಾರ. ನಮ್ಮಂಥ ಉತ್ತರ ಕರ್ನಾಟಕದವರಿಗೆ ಅಲ್ಲಿ ಇನ್ನೊಂದು ಖುಷಿಯಿದೆ. ‘ಯೇಳಕೋಟ ಯೇಳಕೋಟ ಜಯ ಮಲ್ಹಾರ’ ಎಂದು ಅವರು ಕೂಗಿದರೆ ನಮಗೆ ಮೈಲಾರದ ‘ಏಳುಕೋಟಿ’ ಕೇಳಿಸುತ್ತದೆ. ಅವರ ಖಂಡೋಬನೇ ನಮ್ಮ ಮೈಲಾರಲಿಂಗ. ಅಲ್ಲಿ ವಾಘ್ಯಾ, ಇಲ್ಲಿ ಗೊರವಯ್ಯ.

ಈ ನಂಟಿನ ಬಗ್ಗೆ ರಾಜ್ಯೋತ್ಸವಕ್ಕೊಂದು ಚಿಕ್ಕ ಪ್ರದರ್ಶನ ಮಾಡೋಣ ಎಂದು ನಾವು ಕೆಲವು ಗೆಳೆಯರು ಹೊರಟೆವು. ಆಫೀಸಿನಲ್ಲಿ ದಿನವೂ ಸ್ಲೈಡ್ ಮಾಡುವವನೆಂದು ವಿನ್ಯಾಸ ನನ್ನ ತಲೆಗೆ ಬಂತು. ಹನ್ನೊಂದು ಫಲಕ ಸಲೀಸಾಗಿ ಮುಗಿದವು. ಜಗಳ ಎದ್ದದ್ದು ಹನ್ನೆರಡನೆಯದಕ್ಕೆ: ಮುರಳಿಯರು.

ಹರಕೆ ಹೊತ್ತ ತಂದೆತಾಯಿ ಹೆಣ್ಣುಮಗುವನ್ನು ಖಂಡೋಬನಿಗೆ ಮದುವೆ ಮಾಡಿ ಬಿಡುತ್ತಿದ್ದರು. ಅವಳೇ ಮುರಳಿ. ಜಾಗರಣೆಯಲ್ಲಿ ಹಾಡಬೇಕು, ಕುಣಿಯಬೇಕು, ಮನುಷ್ಯನನ್ನು ಮದುವೆಯಾಗುವಂತಿಲ್ಲ. ಹೀಗೆ ಬಿಟ್ಟವರಲ್ಲಿ ಬಹಳಷ್ಟು ಮಂದಿ ದಲಿತರ ಮಕ್ಕಳು. ಬೇಡ ಎನ್ನುವ ವಯಸ್ಸೇ ಅವರಿಗಿರಲಿಲ್ಲ.

“ಹಬ್ಬದ ದಿನ ಇದೆಲ್ಲ ಬೇಕಾ?” ಎಂದರು ಒಬ್ಬರು. “ಇದನ್ನ ಗುಲಾಮಗಿರಿ ಅಂತೀಯಾ?” ಎಂದರು ಇನ್ನೊಬ್ಬರು. 2023ರಲ್ಲಿ ಲಂಡನ್ನಿನ ಲ್ಯಾಂಬೆತ್ ಪ್ಯಾಲೇಸ್ ಗ್ರಂಥಾಲಯ, ಇಂಗ್ಲೆಂಡಿನ ಚರ್ಚಿಗೆ ಗುಲಾಮರ ವ್ಯಾಪಾರದೊಡನೆ ಇದ್ದ ನಂಟನ್ನು ತನ್ನದೇ ದಾಖಲೆಗಳಿಂದ ಪ್ರದರ್ಶನಕ್ಕಿಟ್ಟಿತ್ತು. ಎರಡೂ ಒಂದೇ ಅಲ್ಲ, ನಿಜ. ಆದರೆ ತಮ್ಮ ಮನೆಯ ಕಡತವನ್ನು ತಾವೇ ಬಿಚ್ಚಿದ ರೀತಿ ನನಗೆ ಹಿಡಿಸಿತ್ತು.

ನಮ್ಮ ಕಡತದಲ್ಲೂ ಹೇಳಬೇಕಾದವರು ಇದ್ದರು. ಪುಣೆಯ ದಲಿತ ನಾಯಕ ಶಿವರಾಮ ಜಾನಬಾ ಕಾಂಬಳೆ 1908ರಲ್ಲಿ ‘ಸೋಮವಂಶೀಯ ಮಿತ್ರ’ ಪತ್ರಿಕೆ ಆರಂಭಿಸಿ ಮುರಳಿ ಪದ್ಧತಿಯ ವಿರುದ್ಧ ಬರೆದರು. ಶಿವೂಬಾಯಿ ಎಂಬ ಮುರಳಿ ತನ್ನ ಪಾಡನ್ನು ಅದೇ ಪತ್ರಿಕೆಗೆ ಪತ್ರವಾಗಿ ಬರೆದಳು; ಮುಂದೆ ಕಾಂಬಳೆಯವರ ಸಂಗಾತಿಯೊಬ್ಬರು ಅವಳನ್ನು ಮದುವೆಯಾದರು. ಇದೇ ಪದ್ಧತಿಯ ವಿರುದ್ಧ ದನಿಯೆತ್ತಿದ ವಿಠ್ಠಲ ರಾಮಜಿ ಶಿಂದೆ ನಮ್ಮ ಜಮಖಂಡಿಯಲ್ಲಿ ಹುಟ್ಟಿದವರು. ದೇವದಾಸಿಯರ ರಕ್ಷಣೆಗೆ ಮುಂಬಯಿ ಪ್ರಾಂತ್ಯದಲ್ಲಿ ಕಾಯ್ದೆಯಾದದ್ದು 1934ರಲ್ಲಿ, ಕರ್ನಾಟಕದ ನಿಷೇಧ ಕಾಯ್ದೆ 1982ರದು.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಆ ಫಲಕ ನೋಡುತ್ತಿದ್ದಾಗ ಅವ್ವ ಪಕ್ಕಕ್ಕೆ ಬಂದು ಕೂತಳು. ಓದಿ ಹೇಳು ಅಂದಳು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಓಣ್ಯಾಗೂ ಒಬ್ಬಾಕಿ ಇದ್ಲಪಾ, ಎಲ್ಲಮ್ಮಗ ಬಿಟ್ಟಾಕಿ. ಎಲ್ಲಾರೂ ಜೋಗವ್ವ ಅಂತಿದ್ವಿ. ಆಕೀ ಹೆಸರೇನಂತ ನಾವ್ಯಾರೂ ಕೇಳಲೇ ಇಲ್ಲ” ಎಂದಳು.

ಗುಡಿ ಕಟ್ಟಿಸಿದವರ, ದಾನ ಕೊಟ್ಟವರ ಹೆಸರು ಉಳಿಯುತ್ತದೆ. ಮಕ್ಕಳಾಗಿ ಹರಕೆಗೆ ಸಂದವರ ಹೆಸರು ಉಳಿದಿರುವುದು ಅಪರೂಪ. ಶಿವೂಬಾಯಿಯದು ಉಳಿದದ್ದು ಅವಳು ಪತ್ರ ಬರೆದದ್ದರಿಂದ.

ಮರುದಿನ ‘ಗುಲಾಮಗಿರಿ’ ಎಂಬ ಶೀರ್ಷಿಕೆ ತೆಗೆದು ‘ಶಿವೂಬಾಯಿ’ ಎಂದು ದಪ್ಪಕ್ಷರದಲ್ಲಿ ಹಾಕಿದೆ. ಅದರ ಕೆಳಗೆ ಒಂದು ಖಾಲಿ ಹಾಳೆ, ಪೆನ್ನು: ನಿಮ್ಮೂರಿನಲ್ಲಿ ಹೀಗೆ ದೇವರಿಗೆ ಬಿಟ್ಟವರ ಹೆಸರು ಗೊತ್ತಿದ್ದರೆ ಬರೆಯಿರಿ. ಬೇಡ ಅಂದಿದ್ದ ಗೆಳೆಯರೂ ಇದಕ್ಕೆ ಒಪ್ಪಿದರು.

ಪ್ರದರ್ಶನ ಮುಗಿದ ಸಂಜೆ ಹಾಳೆ ಬಿಚ್ಚಿಕೊಂಡೆ. ನಾಲ್ಕು ಹೆಸರು ಇದ್ದವು. ಐದನೇ ಸಾಲಿನಲ್ಲಿ ಯಾರೋ ಊರಿನ ಹೆಸರಷ್ಟೇ ಬರೆದು ಮುಂದೆ ಜಾಗ ಬಿಟ್ಟಿದ್ದರು.