ಗಂಡಸರ ಕೌದಿಗೆ ಎಂಥ ಅರಿವೆ?

ಸುಗ್ಗಿ ಮುಗಿದು ಮುಂಗಾರು ಇನ್ನೂ ದೂರವಿರುವ ದಿನಗಳಲ್ಲಿ ಅಣ್ಣಿಗೇರಿ, ನವಲಗುಂದ ಕಡೆಯ ಮನೆಗಳಲ್ಲಿ ಹಳೆ ಅರಿವೆಯ ಗಂಟು ಬಿಚ್ಚುತ್ತಾರೆ. ತೊಳೆದು ಮಡಿಸಿಟ್ಟ ಇಳಕಲ್ ಸೀರೆ, ಧೋತರ, ಲುಂಗಿ, ಹುಡುಗರಿಗೆ ಸಣ್ಣದಾದ ಅಂಗಿ, ಎಲ್ಲವೂ ಕೌದಿಯಾಗುವ ಕಾಲವದು. ಕೂಸಿನ ಕೌದಿಯಾದರೆ ಬಣ್ಣ, ಚಿತ್ತಾರದ ಬಗ್ಗೆ ಮನೆಮಂದಿಯೆಲ್ಲ ಮಾತಾಡುತ್ತಾರೆ. ಗಂಡಸಿನದು ಎಂದಾಗ ಮಾತ್ರ ‘ಬೂದು, ಕಪ್ಪು, ಕಡುನೀಲಿ ಹಾಕಿದರಾಯಿತು’ ಎಂದು ಮುಗಿಸಿಬಿಡುತ್ತಾರೆ. ಇದು ಕೌದಿಗೂ ಅನ್ಯಾಯ, ಹೊದೆಯುವವನಿಗೂ ಅನ್ಯಾಯ. ಗಂಡಸಿಗೆ ಒಪ್ಪುವ ಕೌದಿ ಯಾವುದೆಂದು ಗೊತ್ತಾಗಬೇಕಾದರೆ ಅವನು ಎಲ್ಲಿ ಮಲಗುತ್ತಾನೆ ಎಂದು ಮೊದಲು ಕೇಳಬೇಕು.

ಕೌದಿಯೊಳಗೆ ಹತ್ತಿ ತುಂಬುವುದಿಲ್ಲ. ಅಡಿಗೆ ಒಂದು ಇಡಿ ಬಟ್ಟೆ, ನಡುವೆ ಹಳೆ ಅರಿವೆಯ ಪದರ, ಮೇಲೆ ತುಂಡುಗಳ ಜೋಡಣೆ. ಇವನ್ನೆಲ್ಲ ಕೈಹೊಲಿಗೆಯ ಒತ್ತಾದ ಸಾಲುಗಳು ಹಿಡಿದಿಡುತ್ತವೆ. ಹಾಗಾಗಿ ಬೆಚ್ಚಗಿರುವುದು ಪದರ ಎಷ್ಟು, ಸಾಲು ಎಷ್ಟು ಒತ್ತು ಎಂಬುದರ ಮೇಲೆ ನಿಂತಿದೆ. ನವಲಗುಂದದ ಎರೆಹೊಲದಲ್ಲಿ ಹಿಂಗಾರಿನ ಕಡಲೆ, ಬಿಳಿಜೋಳ ಕಾಯಲು ಮಲಗುವವನಿಗೆ ಇಬ್ಬನಿ ತಡೆಯುವ ನಾಲ್ಕು ಪದರದ ಕೌದಿ ಬೇಕು. ಅದು ಎರೆಮಣ್ಣಿನ ಕಲೆಯನ್ನೂ ತಡೆದುಕೊಳ್ಳಬೇಕು. ಕಲಘಟಗಿಯ ಕಡೆ ಮಲೆನಾಡಿನ ಗಾಳಿ, ಮಳೆ ಹೆಚ್ಚು. ಅಲ್ಲಿ ದಪ್ಪ ಕೌದಿ ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ. ತೆಳುವಾದ ಎರಡು ಕೌದಿ ಇಟ್ಟುಕೊಳ್ಳುವುದೇ ಲೇಸು.

ಬಟ್ಟೆಯ ವಿಷಯಕ್ಕೆ ಬಂದರೆ, ಹಳೆ ಧೋತರವನ್ನು ಮೀರಿಸುವ ಒಳಪದರ ನನಗೆ ಕಂಡಿಲ್ಲ. ನೂರಾರು ಒಗೆತ ಕಂಡ ಹತ್ತಿಬಟ್ಟೆ ಮೆತ್ತಗಿರುತ್ತದೆ, ಬೆವರು ಹೀರುತ್ತದೆ, ಸೂಜಿಗೆ ಸುಲಭವಾಗಿ ಬಗ್ಗುತ್ತದೆ. ಹೊಸ ಬಟ್ಟೆಯೇ ಬೇಕೆಂದರೆ ರಾಷ್ಟ್ರಧ್ವಜದ ಖಾದಿ ನೇಯುವ ಗರಗ ಇದೇ ಧಾರವಾಡ ಜಿಲ್ಲೆಯಲ್ಲಿದೆ, ಧ್ವಜ ತಯಾರಿಸುವ ಬೆಂಗೇರಿಯ ಖಾದಿ ಸಂಘ ಹುಬ್ಬಳ್ಳಿಯಲ್ಲಿದೆ. ಅಡಿಬಟ್ಟೆಗೆ ಖಾದಿ ಚೆನ್ನಾಗಿ ಒಗ್ಗುತ್ತದೆ. ಆದರೆ ಮೊದಲು ಒಗೆದು ಒಣಗಿಸಿಯೇ ಹಚ್ಚಬೇಕು. ಇಲ್ಲದಿದ್ದರೆ ಅದು ಆಮೇಲೆ ಕುಗ್ಗಿ ಇಡೀ ಕೌದಿಯನ್ನು ಮುದುಡಿಸುತ್ತದೆ. ಗಂಡಸರ ಬಟ್ಟೆಯಲ್ಲಿ ತೊಡಕು ಕೊಡುವುದು ಪ್ಯಾಂಟು. ಟೆರಿಕಾಟ್ ಬೆವರು ಹೀರುವುದಿಲ್ಲ, ಜೀನ್ಸಿನ ಮಡಿಕೆಗೆ ಕೈಸೂಜಿ ಇಳಿಯುವುದಿಲ್ಲ. ಹಾಕಲೇಬೇಕೆಂದರೆ ಮಡಿಕೆ ಬಿಚ್ಚಿ, ಕಾಲ ಕಡೆಯ ಅಂಚಿಗೆ ಮಾತ್ರ ಒಂದು ಪಟ್ಟಿ ಕೊಡಬಹುದು. ಆ ಭಾರಕ್ಕೆ ಕೌದಿ ಕಾಲಿನಿಂದ ಸರಿಯದು. ಕೆಂಪು ಲುಂಗಿಯನ್ನು ಜೋಡಿಸುವ ಮೊದಲು ಒದ್ದೆ ಬಿಳಿ ಚಿಂದಿಯಿಂದ ತಿಕ್ಕಿ, ಬಣ್ಣ ಬಿಡುತ್ತದೆಯೇ ನೋಡಬೇಕು.

ವಿನ್ಯಾಸ ಬೇರೆಲ್ಲೂ ಹುಡುಕಬೇಕಾಗಿಲ್ಲ, ಗಂಡಸರ ಅರಿವೆಯಲ್ಲೇ ಇದೆ. ಗೆರೆಯ ಅಂಗಿಯನ್ನು ಚೌಕವಾಗಿ ಕತ್ತರಿಸಿ, ಒಂದರಲ್ಲಿ ಗೆರೆ ಉದ್ದಕ್ಕೆ, ಪಕ್ಕದ್ದರಲ್ಲಿ ಅಡ್ಡಕ್ಕೆ ಬರುವಂತೆ ಕೂಡಿಸಿದರೆ ಬಟ್ಟೆ ಒಂದೇ ಆದರೂ ಚಾಪೆಯ ಹೆಣಿಗೆಯಂತೆ ಕಾಣುತ್ತದೆ. ಲುಂಗಿಯ ಚೌಕಳಿ ನಡುವಿಗಿರಲಿ. ಸುತ್ತ ಅವ್ವನದೋ ಅಜ್ಜಿಯದೋ ಇಳಕಲ್ ಸೀರೆಯ ಗೋಮಿ ದಡಿ, ಚಿಕ್ಕಿ ದಡಿ ಬರಲಿ. ದಡಿಯ ಆ ಕೆಂಪು ಗಂಡಸಿಗೆ ಹೊಂದದು ಎನ್ನುವವರು ನಮ್ಮ ಹಿರಿಯರು ಏನು ಹೊದ್ದು ಮಲಗುತ್ತಿದ್ದರು ಎಂಬುದನ್ನು ಒಮ್ಮೆ ನೆನೆಯಲಿ. ಹೊಲಕ್ಕೆ, ಚಕ್ಕಡಿಗೆ, ಸಂತೆಗೆ ಅವರ ಜೊತೆ ಹೋದದ್ದು ಸೀರೆಯ ಕೌದಿಯೇ.

ನವಲಗುಂದದ ಜಮಖಾನವೂ ದಾರಿ ತೋರುತ್ತದೆ. ಹೆಣ್ಣುಮಕ್ಕಳು ನಿಂತ ಮಗ್ಗದಲ್ಲಿ ನೇಯುವ, ಭೌಗೋಳಿಕ ಸೂಚ್ಯಂಕ ಪಡೆದ ಈ ಹಾಸಿನಲ್ಲಿ ನವಿಲಿದೆ, ಪಗಡೆಯ ಪಟವಿದೆ, ನಮಾಜಿನ ಹಾಸಿಗೆ ಕಮಾನು ಇದೆ. ಪಗಡೆಯ ಪಟವೆಂದರೆ ಚೌಕಗಳೇ; ತುಂಡುಬಟ್ಟೆಯಲ್ಲಿ ಅದನ್ನು ಮೂಡಿಸುವುದು ಕಷ್ಟವಲ್ಲ.

ಕಲಘಟಗಿ ತಾಲ್ಲೂಕಿನ ಕಾಡಂಚಿನಿಂದ ಯಲ್ಲಾಪುರ, ಹಳಿಯಾಳದವರೆಗೆ ಹರಡಿರುವ ಸಿದ್ದಿಯರದು ಇನ್ನೊಂದು ರೀತಿ. ಕವಂದಿ ಎಂಬ ಅವರ ಕೌದಿ ಒಂದು ಮೂಲೆಯಿಂದ ಶುರುವಾಗಿ, ಅಂಚು ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನದ ‘ಫುಲಾ’ ಬೇಕು, ಅದಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾಗದು. ಶಿಲುಬೆ, ಅರ್ಧಚಂದ್ರದಂಥ ಗುರುತುಗಳು ಆಯಾ ಮನೆಯ ನಂಬಿಕೆಯನ್ನು ಹೇಳುತ್ತವೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಸಹಕಾರಿ ಗುಂಪು ರೂಪುಗೊಂಡಿತು. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವುಗಳ ಹಳದಿ, ಕೆಂಪು, ಹಸಿರು ಗಂಡಿಗೊಂದು ಹೆಣ್ಣಿಗೊಂದು ಎಂದು ಹಂಚಿಕೊಂಡ ಬಣ್ಣಗಳಲ್ಲ.

ಅದೇ ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಕರಿಯರ ಹಳ್ಳಿಯಲ್ಲಿ ಮಿಸ್ಸೌರಿ ಪೆಟ್‌ವೇ ಎಂಬ ಹೆಣ್ಣುಮಗಳು 1942ರಲ್ಲಿ, ತೀರಿಕೊಂಡ ಗಂಡನ ದುಡಿಮೆಯ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಹೊಲಿದಳು. ಮಾಸಿದ ನೀಲಿ, ಮಣ್ಣುಬಣ್ಣದ ಆ ಪಟ್ಟಿಗಳಲ್ಲಿ ಅವನು ದುಡಿದ ಗುರುತು ಹಾಗೇ ಉಳಿದಿದೆ. ಬೂದು, ನೀಲಿ ಹೀಗೆ ಬಂದರೆ ನನಗೆ ಯಾವ ತಕರಾರೂ ಇಲ್ಲ. ಅಂಗಡಿಯಿಂದ ‘ಗಂಡಸರ ಬಣ್ಣ’ ಎಂದು ಆರಿಸಿ ತಂದದ್ದಕ್ಕೆ ಮಾತ್ರ ನನ್ನ ವಿರೋಧ.

ಹೊಲಿಯಲು ಕೊಡುವವರು ಅರಿವೆಯ ಗಂಟಿನ ಜೊತೆ ಹೊದೆಯುವವನ ಎತ್ತರವನ್ನೂ ಹೇಳಿ. ಆರಡಿ ಆಳಿಗೆ ಏಳಡಿ ಉದ್ದ, ಐದಡಿ ಅಗಲವಾದರೂ ಬೇಕು. ತಲೆಯ ಮೇಲೆ ಎಳೆದುಕೊಂಡಾಗ ಪಾದ ಹೊರಗುಳಿಯಬಾರದು. ಗುಂಡಿ, ಕಾಲರು, ಜೇಬು ಮನೆಯಲ್ಲೇ ಬಿಚ್ಚಿ ಕೊಟ್ಟರೆ ಹೊಲಿಯುವವ್ವನ ಒಂದು ಹೊತ್ತು ಉಳಿಯುತ್ತದೆ.