ಕಪ್ಪು ಕಾರಿಗೆ ಮೇಣ ಹಚ್ಚುವ ಬಗೆ

ಬಿಳಿಯ ಕಾರಿನ ಯಜಮಾನನು ಭಾನುವಾರ ಬೆಳಿಗ್ಗೆ ಗಾಡಿಯನ್ನು ತೊಳೆದು, ಮೇಣ ಹಚ್ಚಿ, ಒರಸಿ, ನಿಶ್ಚಿಂತೆಯಿಂದ ಊಟಕ್ಕೆ ಹೋಗಬಹುದು. ಕಪ್ಪು ಕಾರಿನ ಯಜಮಾನನಿಗೆ ಆ ಭಾಗ್ಯವಿಲ್ಲ. ಎರಡು ಗಂಟೆ ಬೆವರು ಸುರಿಸಿ ಒರಸಿದ ಗಾಡಿಯು ನೆರಳಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದು, ಮರುದಿನ ಬಿಸಿಲಿಗೆ ಬಂದೊಡನೆ ಮೈತುಂಬ ಬೂದಿ ಬಳಿದುಕೊಂಡ ಬೈರಾಗಿಯಂತೆ ಕಾಣುವುದುಂಟು. ಒಂದೆಡೆ ಮಬ್ಬು, ಇನ್ನೊಂದೆಡೆ ಕೈಯಾಡಿಸಿದ ದಿಕ್ಕಿನಲ್ಲೆಲ್ಲ ಜಿಡ್ಡಿನ ಗೆರೆಗಳು. ಆಗ ಆತನು ಮೇಣ ಸಾಲದೆಂದು ಇನ್ನಷ್ಟು ಬಳಿಯುವನು; ಇಲ್ಲವೆ ಬಣ್ಣವೇ ಕೆಟ್ಟಿತೆಂದು ಹೆದರಿ, ಗಾಡಿಯನ್ನು ವರ್ಕ್‌ಷಾಪಿಗೆ ಒಯ್ದು ಯಂತ್ರದಿಂದ ಉಜ್ಜಿಸುವನು. ಮೊದಲನೆಯದರಿಂದ ವ್ಯರ್ಥವಾಗುವುದು ಹೊತ್ತು ಮಾತ್ರ. ಎರಡನೆಯದರಿಂದ ಹೋಗುವುದು ಮರಳಿ ಬಾರದ ವಸ್ತು.

ಆ ವಸ್ತುವು ಯಾವುದೆಂಬುದನ್ನು ಮೊದಲು ತಿಳಿಯಬೇಕು. ಈಗಿನ ಕಾರುಗಳ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ಕಪ್ಪು ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಒಂದು ಪಾರದರ್ಶಕ ಪೊರೆ ಇರುವುದು. ಕಾರಿನ ಕೆಲಸದವರು ಇದನ್ನು ಕ್ಲಿಯರ್ ಕೋಟ್ ಎನ್ನುವರು. ನಾವು ತಿಳಿವಾರ್ನಿಷು ಎನ್ನೋಣ. ಇದರ ದಪ್ಪವು ಸಾಮಾನ್ಯವಾಗಿ 40ರಿಂದ 50 ಮೈಕ್ರಾನು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನು. ನಮ್ಮ ತಲೆಗೂದಲೊಂದರ ದಪ್ಪ ಸುಮಾರು 70 ಮೈಕ್ರಾನೆಂದರೆ ಈ ಪೊರೆಯು ಎಷ್ಟು ತೆಳುವೆಂಬುದು ವಾಚಕರಿಗೆ ಮನದಟ್ಟಾಗುವುದು. ಹೊಳಪೂ ಇದರದೇ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವ ಕೆಲಸವೂ ಇದರದೇ. ರಬ್ಬಿಂಗ್ ಎಂಬ ಹೆಸರಿನಲ್ಲಿ ಉಜ್ಜಿಸಿದಾಗಲೆಲ್ಲ ಈ ಪೊರೆಯೇ ಒಂದಿಷ್ಟು ಸವೆಯುವುದು. ತೀರ ಸವೆದ ಮೇಲೆ ಅದು ಬಿಸಿಲಿಗೆ ಸೋತು ಸಿಪ್ಪೆ ಏಳುವುದು. ಬಳಿಕ ಹೊಸ ಬಣ್ಣ ಹೊಡೆಸುವುದಲ್ಲದೆ ಬೇರೆ ದಾರಿಯಿಲ್ಲ. ಬರಿಯ ಬಟ್ಟೆಯಿಂದ ಹೋಗತಕ್ಕ ಮೇಣದ ಮಬ್ಬಿಗಾಗಿ ಈ ಪೊರೆಯನ್ನು ಬಲಿಗೊಡುವುದು ಯಾವ ಗೃಹಸ್ಥನಿಗೂ ಶೋಭಿಸತಕ್ಕ ಖರ್ಚಲ್ಲ.

ಮೋಟಾರಿನ ಚರಿತ್ರೆಯಲ್ಲಿ ಕಪ್ಪು ಹಳೆಯ ಬಣ್ಣ. ಅಮೇರಿಕದ ಫೋರ್ಡ್ ಕಂಪನಿಯು 1914ರಿಂದ 1925ರವರೆಗೆ ತನ್ನ ಟಿ-ಮಾದರಿಯ ಗಾಡಿಯನ್ನು ಕಪ್ಪು ಬಣ್ಣದಲ್ಲಿ ಮಾತ್ರ ತಯಾರಿಸಿತು. ಆ ಕಾಲದ ಗಾಡಿಗಳಿಗೆ ತಿಳಿವಾರ್ನಿಷಿನ ಈ ಮೇಲ್ಪೊರೆ ಇರಲಿಲ್ಲ. 2014ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಡರಿನ ಹಳೆಯ ಗಾಡಿಗಳನ್ನು ಈಗಲೂ ಪ್ರೀತಿಯಿಂದ ಇಟ್ಟುಕೊಂಡವರುಂಟು. ಅಂಥ ಗಾಡಿಯನ್ನು ಪಾಲಿಷಿನಿಂದ ಉಜ್ಜಿದಾಗ ಬಟ್ಟೆಯು ಕಪ್ಪಾದರೆ, ಬರುತ್ತಿರುವುದು ಬಣ್ಣವೇ ಎಂದು ತಿಳಿದು ಕೈಯನ್ನು ಇನ್ನಷ್ಟು ಹಗುರಮಾಡಬೇಕು.

ಕಪ್ಪಿನ ಮೇಲೆ ಮಾತ್ರ ಮಬ್ಬು ಇಷ್ಟು ಎದ್ದು ಕಾಣುವುದೇಕೆ? ನೆಟ್ಟಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ವಾರ್ನಿಷಿನ ಮೇಲ್ಮೈಯಿಂದಲೇ ಕನ್ನಡಿಯಲ್ಲಿಯಂತೆ ಹಿಂತಿರುಗುವುದು. ಉಳಿದುದು ಒಳಹೊಕ್ಕು ಕಪ್ಪಿನಲ್ಲಿ ಅಡಗಿಹೋಗುವುದು. ಬಿಳಿಯ ಗಾಡಿಯಲ್ಲಾದರೋ ಒಳಹೊಕ್ಕ ಬೆಳಕೂ ಚದರಿ ಹೊರಬಂದು ಕಣ್ಣು ತುಂಬುವುದರಿಂದ, ಮೇಣದ ಕಣಗಳು ಚದರಿಸುವ ಅಲ್ಪ ಬೆಳಕು ಅದರಲ್ಲಿ ಕಲೆತು ಮರೆಯಾಗುವುದು. ಕಪ್ಪಿನ ಮೇಲೆ ಅದಕ್ಕೆ ಮರೆಯಿಲ್ಲ. ಕಪ್ಪು ಸೀರೆಯ ಮೇಲೆ ಬಿದ್ದ ಹತ್ತಿಯ ನೂಲೊಂದು ಮದುವೆಯ ಮನೆಯವರಿಗೆಲ್ಲ ಕಾಣುವಂತೆಯೇ ಇದು.

ಇನ್ನು ಮಬ್ಬಿಗೂ ಗೀರಿಗೂ ಇರುವ ಭೇದ. ಇದನ್ನು ತಿಳಿಯದೆಯೇ ಜನರು ಹೆಚ್ಚಾಗಿ ಮೋಸಹೋಗುವರು. ಶುಭ್ರವಾದ ಬಟ್ಟೆಯನ್ನು ತುಸುವೇ ನೆನೆಸಿ ಆ ಜಾಗವನ್ನು ಒರಸಿ, ಕೂಡಲೆ ಒಣಬಟ್ಟೆಯಿಂದ ಮತ್ತೆ ಒರಸಿ ನೋಡಿರಿ. ಗುರುತು ಕದಲಿದರೆ, ದಿಕ್ಕು ಬದಲಾಯಿಸಿದರೆ, ಇಲ್ಲವೆ ಮಾಯವಾದರೆ ಅದು ಮೇಣದ ಉಳಿಕೆ. ಎಷ್ಟು ಒರಸಿದರೂ ಇದ್ದಲ್ಲಿಯೇ ಇದ್ದು, ಬಿಸಿಲಿನಲ್ಲಿ ಸೂರ್ಯಬಿಂಬದ ಸುತ್ತ ಜೇಡರ ಬಲೆಯಂತೆ ವರ್ತುಲವಾಗಿ ತೋರಿದರೆ ಅವು ವಾರ್ನಿಷಿನಲ್ಲಿಯೇ ಬಿದ್ದ ಸಣ್ಣ ಗೀರುಗಳು. ವಾಸ್ತವವಾಗಿ ಆ ಗೀರುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಬೆಳಕಿಗೆ ಅಡ್ಡಲಾಗಿ ನಿಂತವು ಮಾತ್ರ ಮಿನುಗುವುದರಿಂದ ಬಲೆ ಹೆಣೆದಂತೆ ಕಣ್ಣಿಗೆ ತೋರುವುದಷ್ಟೆ. ಗೀರನ್ನು ಮೇಣವು ಸ್ವಲ್ಪ ದಿನ ಮರೆಸಬಲ್ಲದು, ಅಳಿಸಲಾರದು.

ಆ ಗೀರುಗಳು ಎಲ್ಲಿಂದ ಬಂದವೆಂದು ವಿಚಾರಿಸುವುದಾದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ವಠಾರದ ಕಾರುಗಳನ್ನೆಲ್ಲ ಮುಂಜಾನೆ ಒಬ್ಬನೇ ಆಳು, ಒಂದೇ ಬಕೆಟ್ಟು ನೀರು, ಒಂದೇ ಬಟ್ಟೆಯಿಂದ ಒರಸುವ ಪದ್ಧತಿಯುಂಟು. ಹತ್ತನೆಯ ಕಾರಿಗೆ ಬರುವ ಹೊತ್ತಿಗೆ ಆ ಬಟ್ಟೆಯಲ್ಲಿ ಹಿಂದಿನ ಒಂಬತ್ತು ಕಾರುಗಳ ಮರಳೆಲ್ಲ ಸೇರಿರುವುದು. ಬೀದಿಯ ಧೂಳಿನಲ್ಲಿರುವ ಮರಳಿನ ಕಣವು ವಾರ್ನಿಷಿಗಿಂತ ಬಹಳ ಗಟ್ಟಿ. ಆಳಿನ ತಪ್ಪೇನೂ ಇಲ್ಲ, ಆತನಿಗೆ ನಾವು ಕೊಟ್ಟಿರುವುದೇ ಅಷ್ಟು. ಕಪ್ಪು ಗಾಡಿಯುಳ್ಳವರು ದಿನಾಲು ಒರಸಬೇಡವೆಂದು ಆತನಿಗೆ ವಿನಯದಿಂದ ಹೇಳಿ, ಸಂಬಳವನ್ನು ಕಡಿಮೆ ಮಾಡದೆ, ವಾರಕ್ಕೊಮ್ಮೆ ಧಾರಾಳ ನೀರಿನಿಂದ ತೊಳೆಸುವುದು ಮೇಲು.

ಮೇಣ ಹಚ್ಚುವ ದಿನದ ಕೆಲಸವು ತೊಳೆಯುವುದರಿಂದಲೇ ಮೊದಲಾಗುವುದು. ಎರಡು ಬಕೆಟ್ಟುಗಳಿರಲಿ, ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ ತೊಳೆದು ಬರಬೇಕು. ಚಕ್ರಗಳಿಗೆ ಬೇರೆ ಬಟ್ಟೆ. ತೊಳೆದ ಬಳಿಕ ನೀರನ್ನು ತಾನಾಗಿ ಆರಲು ಬಿಡಕೂಡದು. ನಮ್ಮ ಕೊಳವೆ ಬಾವಿಗಳ ನೀರು ಬಹುಪಾಲು ಗಡಸು. ಹನಿಯು ಆರಿದಲ್ಲೆಲ್ಲ ಅದರಲ್ಲಿದ್ದ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಬಿಳಿಯ ಉಂಗುರವಾಗಿ ಉಳಿಯುವುವು. ಅದರ ಮೇಲೆಯೇ ಮೇಣ ಹಚ್ಚಿದವರು ಉಂಗುರವನ್ನು ಮೇಣದಡಿಯಲ್ಲಿ ಭದ್ರಪಡಿಸಿದಂತೆಯೇ ಸರಿ. ಹೊಸ ಕಲೆಯಾದರೆ ನೀರು ಬೆರೆಸಿದ ವಿನಿಗರಿನಿಂದ ಬಿಡುವುದು. ಬಿಟ್ಟ ಬಳಿಕ ಚೆನ್ನಾಗಿ ತೊಳೆಯಬೇಕು. ಕುಡಿಯುವ ನೀರಿನ ಆರ್‌ಓ ಯಂತ್ರವು ಹೊರಗೆಡಹುವ ನೀರನ್ನು ಕಾರು ತೊಳೆಯಲು ಉಳಿಸುವ ಮಿತವ್ಯಯಿಗಳು ಅನೇಕರಿದ್ದಾರೆ. ಅವರ ಉದ್ದೇಶವು ಸ್ತುತ್ಯವಾದರೂ, ಆ ನೀರಿನಲ್ಲಿ ಮೂಲದ ನೀರಿಗಿಂತ ಲವಣಗಳು ಹೆಚ್ಚು. ಅದು ಅಂಗಳದ ಕಲ್ಲಿಗೆ ಇರಲಿ. ಹಿಡಿದಿಟ್ಟ ಮಳೆನೀರು ಇದ್ದವರು ಪುಣ್ಯವಂತರು.

ತೊಳೆದು ಒಣಗಿಸಿದ ಮೈಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು ಸವರಿ ನೋಡಿದರೆ ಮರಳುಕಾಗದದಂತೆ ಹತ್ತುವುದುಂಟು. ರಸ್ತೆಯ ಡಾಮರು, ಮರದ ಅಂಟು, ಬ್ರೇಕಿನ ಪುಡಿ ಮುಂತಾದುವು ಕಚ್ಚಿಕೊಂಡಿರುವುದೇ ಇದಕ್ಕೆ ಕಾರಣ. ಇದಕ್ಕೆಂದೇ ಮಾರುವ ಜೇಡಿಯಂಥ ಉಂಡೆಯನ್ನು ಧಾರಾಳವಾಗಿ ಒದ್ದೆ ಮಾಡಿದ ಮೈಮೇಲೆ ಹಗುರವಾಗಿ ಆಡಿಸಿದರೆ ಅವು ಬಿಡುವುವು. ಉಂಡೆಯು ನೆಲಕ್ಕೆ ಬಿದ್ದರೆ ಎಸೆದುಬಿಡತಕ್ಕದ್ದು. ತೊಳೆದರೂ ಮರಳು ಹೋಗುವುದಿಲ್ಲ.

ಮೇಣಗಳಲ್ಲಿ ಹೆಸರಾದುದು ಕಾರ್ನೌಬ. ಈಶಾನ್ಯ ಬ್ರೆಜಿಲ್ ದೇಶದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಗರಿಗಳ ಮೇಲೆ ಇದು ತಾನಾಗಿ ಮೂಡುವುದು. ಜೇನುಮೇಣವು ಸುಮಾರು 62ರಿಂದ 64 ಡಿಗ್ರಿ ಸೆಂಟಿಗ್ರೇಡಿಗೆ ಕರಗಿದರೆ ಇದಕ್ಕೆ 82ರಿಂದ 86 ಡಿಗ್ರಿ ಬೇಕು. ಇಷ್ಟು ಗಟ್ಟಿಯಾದುದನ್ನು ಹಾಗೆಯೇ ಸವರಲು ಬಾರದು. ಆದುದರಿಂದ ಆವಿಯಾಗಿ ಹೋಗತಕ್ಕ ಪೆಟ್ರೋಲಿಯಂ ದ್ರಾವಕದಲ್ಲಿ ಮೆದುಮಾಡಿ ಡಬ್ಬಿಯಲ್ಲಿ ತುಂಬುವರು. ಮೈಮೇಲೆ ಸವರಿದಾಗ ದ್ರಾವಕವು ಹಾರಿಹೋಗಿ ಮೇಣವು ಮಸಕಾಗಿ ನಿಲ್ಲುವುದು. ಕಾರು ಕಾದಿದ್ದರೆ ದ್ರಾವಕವು ತಟ್ಟನೆ ಹಾರಿ ಮೇಣವು ಅಂಟಾಗಿ ಕಚ್ಚಿಕೊಳ್ಳುವುದು. ಮಂಗಳೂರಿನ ಮಳೆಗಾಲದಂಥ ಆರ್ದ್ರ ಹವೆಯಲ್ಲಾದರೆ ಬೇಗನೆ ಆರದೆ, ಒರಸಿದತ್ತ ಜಾರಿ ಗೆರೆಯಾಗುವುದು. ದಪ್ಪವಾಗಿ ಬಳಿದರಂತೂ ಮೇಲುಗಡೆ ಆರಿ, ಒಳಗೆ ಹಸಿಯಾಗಿ ಉಳಿದು, ಎರಡು ಸಂಕಟಗಳೂ ಒಟ್ಟಿಗೆ ಬರುವುವು.

ಆದಕಾರಣ ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ, ಎಂಜಿನು ತಣ್ಣಗಿರುವಾಗ ಕೆಲಸ ಹಿಡಿಯಬೇಕು. ಅಂಗೈ ಹಿಂಭಾಗವನ್ನು ಬಾನೆಟ್ಟಿನ ಮೇಲಿಟ್ಟರೆ ಬೆಚ್ಚಗೆನ್ನಿಸಕೂಡದು. ಹಚ್ಚುವ ಸ್ಪಂಜು ಮೆದುವಾಗಿದ್ದು ತುಸು ತೇವವಿರಲಿ. ದೋಸೆಯ ಕಾವಲಿಗೆ ಅರೆ ಈರುಳ್ಳಿಯಿಂದ ಎಣ್ಣೆ ಸವರುವ ಗೃಹಿಣಿಯ ಕೈಯನ್ನು ನೋಡಿದವರಿಗೆ ಅಳತೆಯನ್ನು ಹೇಳಬೇಕಾಗಿಲ್ಲ: ಕಾವಲಿಯು ಮಿನುಗುವುದು, ಎಣ್ಣೆ ನಿಲ್ಲುವುದಿಲ್ಲ. ಹುಣಸೆಬೀಜದಷ್ಟು ಮೇಣವು ಒಂದು ಬಾಗಿಲಿಗೆ ಸಾಕು. ಬಳಿದ ಮೇಣವು ಅಲ್ಲಿ ಇದೆಯೋ ಇಲ್ಲವೋ ಎಂಬ ಸಂದೇಹ ಬರುವಷ್ಟು ತೆಳುವಾಗಿರಲಿ. ಸುತ್ತಿ ಸುತ್ತಿ ಉಜ್ಜದೆ ನೇರ ಸಾಲುಗಳಲ್ಲಿ, ಒಂದು ಸಾಲಿನ ಅಂಚನ್ನು ಇನ್ನೊಂದು ಮುಚ್ಚುವಂತೆ, ಒಂದೊಂದೇ ಭಾಗವನ್ನು ಮುಗಿಸಿ ಮುಂದೆ ಹೋಗಬೇಕು. ಬಾಗಿಲಿನ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆ ಮೇಣ ತಗುಲಿದರೆ ಬಿಳಿಯ ಕಲೆ ನಿಲ್ಲುವುದು. ಮುಂಚೆಯೇ ಅವುಗಳ ಮೇಲೆ ಬಣ್ಣದವರು ಬಳಸುವ ಕಾಗದದ ಟೇಪು ಅಂಟಿಸಿಬಿಡುವುದು ಜಾಣತನ.

ಎಷ್ಟು ಹೊತ್ತು ಆರಬೇಕೆಂಬುದನ್ನು ಗಡಿಯಾರವು ಹೇಳಲಾರದು, ಹವೆಯು ಹೇಳುವುದು. ಬೆರಳಿಗೆ ಬಟ್ಟೆ ಸುತ್ತಿ ಒಂದು ಗೆರೆ ಎಳೆಯಿರಿ. ಗೆರೆಯು ಶುಭ್ರವಾಗಿ ಕಪ್ಪಾಗಿ ತೆರೆದರೆ ಒರಸಲು ಸಮಯವಾಯಿತು. ಜಿಡ್ಡಾಗಿ ಹರಡಿದರೆ ಇನ್ನೂ ಕಾಯಬೇಕು. ಒರಸಲು ಮೈಕ್ರೋಫೈಬರ್ ಬಟ್ಟೆಗಳು ಎರಡಾದರೂ ಬೇಕು. ಮೊದಲನೆಯದು ಮೇಣವನ್ನು ಎತ್ತುವುದು, ಎರಡನೆಯದು ಹೊಳಪು ತರುವುದು. ನಾಲ್ಕು ಮಡಿಕೆ ಮಾಡಿಕೊಂಡು, ಒಂದು ಮಗ್ಗುಲು ತುಂಬಿದೊಡನೆ ಇನ್ನೊಂದು ಮಗ್ಗುಲಿಗೆ ತಿರುಗಿಸಬೇಕು. ತುಂಬಿದ ಬಟ್ಟೆಯು ಮೇಣವನ್ನು ತೆಗೆಯುವುದಿಲ್ಲ, ಇಲ್ಲಿಂದ ಅಲ್ಲಿಗೆ ಸಾಗಿಸುವುದು. ಗೆರೆಗಳ ಅರ್ಧಪಾಲು ಇದರಿಂದಲೇ ಹುಟ್ಟುವುದೆಂದು ನಮ್ಮ ಎಣಿಕೆ. ಈ ಬಟ್ಟೆಗಳನ್ನು ಒಗೆಯುವಾಗ ಸೀರೆ ಪಂಚೆಗಳಿಗೆ ಹಾಕುವ ಮೆದುಗೊಳಿಸುವ ದ್ರವವನ್ನು ಹಾಕಕೂಡದು. ಅದು ನೂಲಿನಲ್ಲಿ ಜಿಡ್ಡಾಗಿ ಉಳಿದು ಗಾಡಿಯ ಮೇಲೆ ಮೂಡುವುದು.

ಇಷ್ಟಾದರೂ ಮಬ್ಬು ಉಳಿದರೆ ಗಾಬರಿ ಬೇಡ, ಬಲಪ್ರಯೋಗವೂ ಬೇಡ. ಬಾಯಿಯ ಆವಿಯನ್ನು ಊದಿ ಒರಸಿದರೆ ಸಣ್ಣ ಕಲೆ ಹೋಗುವುದು. ಗಟ್ಟಿಯಾಗಿ ಕಚ್ಚಿದ ಮೇಣದ ಮೇಲೆ ಅದೇ ಮೇಣವನ್ನು ಕೊಂಚ ಸವರಿ, ಆರಲು ಬಿಡದೆ ಆಗಲೇ ಒರಸಿರಿ. ಹೊಸದರ ದ್ರಾವಕವು ಹಳೆಯದನ್ನು ಕರಗಿಸಿ ಎತ್ತಿಕೊಂಡು ಬರುವುದು. ಹೊಳಪು ಬೇಗ ಬರಲೆಂದು ಡೀಸೆಲು, ಸೀಮೆಎಣ್ಣೆಗಳನ್ನು ಒರಸುವ ಚಾಲಕರುಂಟು. ಆ ಹೊಳಪು ಸಂಜೆಯವರೆಗೆ ಮಾತ್ರ. ಜಿಡ್ಡು ಧೂಳನ್ನು ಹಿಡಿದಿಟ್ಟು, ಮರುದಿನದ ಬಟ್ಟೆಗೆ ಮರಳನ್ನು ಒದಗಿಸುವುದು. ಹೊಳಪಿಲ್ಲದಂತೆಯೇ ತಯಾರಿಸಿದ ಮ್ಯಾಟ್ ಬಣ್ಣದ ಗಾಡಿಗಳಿಗೆ ಸಾಮಾನ್ಯ ಮೇಣವು ಕೂಡದು. ಹೊಸದಾಗಿ ಬಣ್ಣ ಹೊಡೆಸಿದವರು ಎಷ್ಟು ದಿನ ಕಾಯಬೇಕೆಂದು ಬಣ್ಣ ಹೊಡೆದವನನ್ನೇ ಕೇಳಿ ಮುಂದುವರಿಯುವುದು ಒಳ್ಳೆಯದು.

ಒರಸಿ ಮುಗಿಸಿದ ಕೆಲವು ಗಂಟೆಗಳ ಬಳಿಕ ಮೇಣದೊಳಗಿನ ಎಣ್ಣೆಯಂಶವು ಬೆವರಿನಂತೆ ಮೇಲೆ ಮೂಡಿ ಮತ್ತೆ ತೆಳುವಾದ ಮಸಕು ಕಟ್ಟುವುದುಂಟು. ಮರುದಿನ ಬೆಳಿಗ್ಗೆ, ಗಾಡಿಯ ಮೇಲೆ ಧೂಳು ಕೂತಿಲ್ಲವೆಂದು ನೋಡಿಕೊಂಡು, ಒಗೆದಿಟ್ಟ ಬಟ್ಟೆಯಿಂದ ಹಗುರವಾಗಿ ಒಮ್ಮೆ ಒರಸಿದರೆ ಅದು ತೀರಿತು. ನಮ್ಮ ಬಿಸಿಲು ಮಳೆಗಳಲ್ಲಿ ಈ ಲೇಪವು ಒಂದೆರಡು ತಿಂಗಳು ನಿಲ್ಲುವುದು. ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುವುದನ್ನು ಬಿಟ್ಟು ಹಾಳೆಯಂತೆ ಹರಡಿಕೊಂಡಾಗ, ಡಬ್ಬಿಯನ್ನು ಮತ್ತೆ ತೆರೆಯಬಹುದು.