ನಿಮಗಿದು ಗೊತ್ತೇ? ಸೋರೆಬುರುಡೆಯ ಮೇಲೆ ಜೇಡದ ಪೊರೆ

ಪಶ್ಚಿಮ ಆಫ್ರಿಕಾದ ಬಾಲಫೋನ್ ವಾದ್ಯ ತಯಾರಿಸಲು ಜೇಡವೂ ಬೇಕಿತ್ತು! ಮರದ ಪಟ್ಟಿಗಳ ಸಾಲು, ಅದರಡಿ ಸೋರೆಬುರುಡೆಗಳು. ಪಟ್ಟಿ ಗಿಡ್ಡವಾದಂತೆ ಬುರುಡೆಯೂ ಚಿಕ್ಕದು. ಬುರುಡೆಗೆ ಸಣ್ಣ ತೂತು ಕೊರೆದು, ಜೇಡ ತನ್ನ ಮೊಟ್ಟೆಗಳಿಗೆ ಹೊದಿಸುವ ತೆಳುಪೊರೆಯನ್ನು ಅದಕ್ಕೆ ಅಂಟಿಸುತ್ತಿದ್ದರು. ಕೋಲು ಬಿದ್ದೊಡನೆ ಪೊರೆ ಅದುರಿ, ನಾದದ ಜೊತೆ ದುಂಬಿಯ ಝೇಂಕಾರದಂಥ ದನಿ ಏಳುತ್ತದೆ. ಬೇಕೆಂದೇ ಸೇರಿಸಿದ ಸೊಗಸು ಅದು. ತಂಬೂರಿಯ ತಂತಿಯಡಿ ಎಳೆ ದಾರ ಸರಿಸಿ ನಾದಕ್ಕೆ ಜೀವ ತರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗೀಗ ಪೊರೆಯ ಜಾಗಕ್ಕೆ ಸಿಗರೇಟಿನ ಕಾಗದ, ಪ್ಲಾಸ್ಟಿಕ್ ಬಂದಿವೆ.

ಜಿಂಬಾಬ್ವೆಯ ಶೋನಾ ಜನರಿಗೂ ಇದೇ ರುಚಿ. ಅವರ ಎಂಬಿರಾ ವಾದ್ಯಕ್ಕೆ ಹಿಂದೆ ಬಸವನಹುಳುವಿನ ಚಿಪ್ಪು ಕಟ್ಟುತ್ತಿದ್ದರು, ಈಗ ಬಾಟಲಿ ಮುಚ್ಚಳ.

ನೈಜೀರಿಯಾದ ಯೊರುಬಾ ಭಾಷೆಯಲ್ಲಿ 'ಒಕೊ' ಎಂದರೆ ಗಂಡ. ಕೊನೆಯ ಸ್ವರ ಏರಿಸಿದರೆ ಗುದ್ದಲಿ, ಇಳಿಸಿದರೆ ವಾಹನ! ಕಂಕುಳಲ್ಲಿ ಡುಂಡುನ್ ಎಂಬ ಡೋಲು ಇಟ್ಟುಕೊಂಡು, ಅದರ ಚರ್ಮದ ಹುರಿಗಳನ್ನು ಅಮುಕಿ ಸಡಿಲಿಸುತ್ತ ಇದೇ ಏರಿಳಿತವನ್ನು ನುಡಿಸುತ್ತಾರೆ. ಕೇಳುವವರಿಗೆ ಮಾತೇ ಕೇಳಿಸುತ್ತದೆ.

ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಈಳಿಗೆ ಕಪ್ಪಾಗುತ್ತದಲ್ಲ, ಮಾಲಿ ದೇಶದ ಬಮನಾ ಹೆಂಗಸರು ಆ ಗುಣದಿಂದಲೇ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಹತ್ತಿ ಬಟ್ಟೆಯನ್ನು ಮೊದಲು ಎಂಗಲಾಮಾ ಮರದ ಎಲೆಯ ಒಗರು ನೀರಿನಲ್ಲಿ ಅದ್ದಿ ಹಳದಿ ಮಾಡುತ್ತಾರೆ. ಈ ಮರ ನಮ್ಮ ಕಾಡಿನ ದಿಂಡಿಗದ ಕುಲದ್ದೇ. ಆಮೇಲೆ ಮಡಕೆಯಲ್ಲಿ ತಿಂಗಳುಗಟ್ಟಲೆ ಹುಳಿಸಿದ ಕೆಸರನ್ನು ಬಳಿಯುತ್ತಾರೆ. ಕೆಸರಿನ ಕಬ್ಬಿಣದ ಅಂಶ ಒಗರಿನೊಂದಿಗೆ ಬೆರೆಯುತ್ತದೆ. ಮಣ್ಣು ತೊಳೆದುಹೋದರೂ ಕಪ್ಪು ಉಳಿಯುತ್ತದೆ. ನನಗೆ ಅತಿ ಹೆಚ್ಚು ಹಿಡಿಸಿದ್ದು ಇದರ ಕುಂಚದ ಲೆಕ್ಕಾಚಾರ: ಚಿತ್ರವನ್ನು ಬರೆಯುವುದೇ ಇಲ್ಲ. ಸುತ್ತಲಿನ ಜಾಗಕ್ಕೆಲ್ಲ ಕೆಸರು ಬಳಿದು ಚಿತ್ರವನ್ನು ಹಾಗೇ ಬಿಡುತ್ತಾರೆ. ಕಡೆಗೆ ಕ್ಷಾರದ ಸಾಬೂನು ಹಚ್ಚಿ ಆ ಹಳದಿಯನ್ನು ಬಿಳಿಯಾಗಿಸುತ್ತಾರೆ. ಬಟ್ಟೆಯ ಹೆಸರು ಬೊಗೊಲಾನ್‌ಫಿನಿ.

1970ರ ದಶಕದಲ್ಲಿ ತಾಂಜಾನಿಯಾದ ಹಾಯಾ ಹಿರಿಯರು, ಎಷ್ಟೋ ದಶಕಗಳ ಹಿಂದೆ ನಿಂತುಹೋಗಿದ್ದ ಕುಲುಮೆಯನ್ನು ಸಂಶೋಧಕರೆದುರು ನೆನಪಿನಿಂದಲೇ ಕಟ್ಟಿ ಕಬ್ಬಿಣ ತೆಗೆದರು. ಕುಲುಮೆಗೆ ಹುತ್ತದ ಮಣ್ಣು, ತಳದ ಗುಂಡಿಗೆ ಸುಟ್ಟ ಜೌಗುಹುಲ್ಲು. ಹುಲ್ಲಿನ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು.

ಇಂದ್ರಿಯಗಳು ಐದೇ ಎನ್ನುವವರು ಘಾನಾದ ಆನ್ಲೊ-ಎವೆ ಜನರನ್ನು ಕೇಳಬೇಕು. ಮೈಯೊಳಗೆ ಆಗುವ ಅರಿವಿಗೆ ಅವರಲ್ಲಿ 'ಸೆಸೆಲೆಲಾಮೆ' ಎಂಬ ಮಾತಿದೆ. ಮೈಯ ಸಮತೋಲವೂ ಅವರಿಗೆ ಕೇಳುವುದು, ಮುಟ್ಟುವುದರಷ್ಟೇ ಮುಖ್ಯವಾದ ಅರಿವು ಎಂದು ಮಾನವಶಾಸ್ತ್ರಜ್ಞೆ ಕ್ಯಾಥ್ರಿನ್ ಗ್ಯೂರ್ಟ್ಸ್ 2002ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಕೂರಲು ಕಲಿಯುವ ಕೂಸನ್ನು ಹುರಿದುಂಬಿಸುವಾಗ ಅಲ್ಲಿನ ದೊಡ್ಡವರು ಹೇಳಿಕೊಡುವುದು ಆ ಸಮತೋಲವನ್ನೇ. ಅದೇ ಕೂಸು ಮುಂದೆ ತಲೆಯ ಮೇಲೆ ಹೊರೆ ಹೊತ್ತು, ಕೈ ಬಿಟ್ಟು ನಡೆಯುತ್ತದೆ.